ಬೆವರುವ ಹಾಳೆಗೆ ಕಸಿ

ಆಷಾಢದ ಜಡಿ ಹಿಡಿದಿದ್ದ ಒಂದು ಬೆಳಿಗ್ಗೆ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಘಟಕವೊಂದರ ಮಾಲೀಕರು ನಮ್ಮ ಪ್ರಯೋಗಾಲಯಕ್ಕೆ ಬಂದು ಒಂದು ಪ್ಲಾಸ್ಟಿಕ್ ಟ್ರೇಯನ್ನು ಮೇಜಿನ ಮೇಲಿಟ್ಟರು. "ಮುಟ್ಟಿ ನೋಡಿ ಮೇಡಂ" ಎಂದರು. ಬೆರಳಿಗೆ ಅಂಟು ಹತ್ತಿತು. ಎಣ್ಣೆಯಲ್ಲ, ನೀರೂ ಅಲ್ಲ, ಎರಡರ ನಡುವಿನ ಜಿಗುಟು. ಟ್ರೇ ಜೊತೆ ಒಂದು ಪೊಟ್ಟಣವೂ ಇತ್ತು. ಅದರೊಳಗಿನ ಎಲೆಕ್ಟ್ರಾನಿಕ್ ಬಿಡಿಭಾಗಗಳ ತಾಮ್ರದ ಕಾಲುಗಳು ಹಸಿರುಗಟ್ಟಿದ್ದವು.

ಟ್ರೇ ಮಾಡಿದ್ದು ಪಿವಿಡಿಎಫ್ ಹಾಳೆಯಿಂದ. ಪಾಲಿವಿನೈಲಿಡೀನ್ ಫ್ಲೋರೈಡ್ ಎಂಬ ಈ ಪ್ಲಾಸ್ಟಿಕ್ ದುಬಾರಿ, ಆದರೆ ಆಮ್ಲದ ಆವಿಗೂ ಬಹುಪಾಲು ದ್ರಾವಕಗಳಿಗೂ ಜಗ್ಗದು. ಅವರ ಗಿರಾಕಿಗೆ ಬೇಕಿದ್ದದ್ದು ಇಷ್ಟು: ಟ್ರೇ ರಾಸಾಯನಿಕ ತಡೆಯಬೇಕು, ಅದರ ಮೇಲೆ ಸ್ಥಾಯಿ ವಿದ್ಯುತ್ತೂ ಕೂಡಿಕೊಳ್ಳಬಾರದು. ಸೂಕ್ಷ್ಮ ಬಿಡಿಭಾಗಕ್ಕೆ ನಮ್ಮ ಕೈಗೆ ತಿಳಿಯದಷ್ಟು ಸಣ್ಣ ಕಿಡಿ ಸಾಕು, ಒಳಗೆ ಸುಟ್ಟುಹೋಗುತ್ತದೆ. ಶುದ್ಧ ಪಿವಿಡಿಎಫ್ ಒಳ್ಳೆಯ ಅವಾಹಕ, ಆದ್ದರಿಂದ ಒಮ್ಮೆ ಕೂಡಿದ ವಿದ್ಯುತ್ತು ಅದರ ಮೇಲೆಯೇ ಕೂತಿರುತ್ತದೆ. ಅದಕ್ಕೆ ಅವರು ಕರಗಿಸುವಾಗಲೇ ಒಂದು ಅಯಾನಿಕ್ ದ್ರವ ಬೆರೆಸಿದ್ದರು, ನೂರು ಭಾಗ ಪ್ಲಾಸ್ಟಿಕ್ಕಿಗೆ ಹತ್ತು ಭಾಗ. ಫೆಬ್ರುವರಿಯಲ್ಲಿ ಮಾಡಿದ ಪರೀಕ್ಷೆಯಲ್ಲಿ ಎಲ್ಲವೂ ಸರಿ ಬಂತು. ಜುಲೈನಲ್ಲಿ ಟ್ರೇ ಬೆವರಿತು.

ಅಯಾನಿಕ್ ದ್ರವ ಎಂದರೆ ನೀರಿಲ್ಲದೆಯೇ ದ್ರವವಾಗಿರುವ ಲವಣ. ಅಡುಗೆ ಉಪ್ಪು ಕರಗಿ ಹರಿಯಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಕಾಯಬೇಕು. ಅಯಾನುಗಳು ದೊಡ್ಡವಾಗಿ, ಒಂದಕ್ಕೊಂದು ಒಪ್ಪವಾಗಿ ಜೋಡಿಸಿಕೊಳ್ಳಲು ಬಾರದ ಆಕಾರದಲ್ಲಿದ್ದರೆ ನೂರು ಡಿಗ್ರಿಯೊಳಗೇ ಲವಣ ಕರಗುತ್ತದೆ. 1914ರಲ್ಲಿ ರಸಾಯನವಿಜ್ಞಾನಿ ಪಾಲ್ ವಾಲ್ಡನ್ ವರದಿ ಮಾಡಿದ ಈಥೈಲ್‌ಅಮೋನಿಯಂ ನೈಟ್ರೇಟ್ ಕರಗುವುದು ಬರೀ 12 ಡಿಗ್ರಿಗೆ. ಇಂಥ ದ್ರವ ಸಾಮಾನ್ಯವಾಗಿ ಆವಿಯಾಗದು, ಸುಲಭಕ್ಕೆ ಹೊತ್ತಿಕೊಳ್ಳದು, ಅಯಾನುಗಳಿರುವುದರಿಂದ ವಿದ್ಯುತ್ತನ್ನು ಸಾಗಿಸುತ್ತದೆ. ಪ್ಲಾಸ್ಟಿಕ್ಕಿನ ಸ್ಥಾಯಿ ವಿದ್ಯುತ್ತಿಗೆ ಇದಕ್ಕಿಂತ ಒಳ್ಳೆಯ ಮದ್ದು ಯಾವುದು ಎಂದು ಯಾರಿಗಾದರೂ ಅನಿಸಬಹುದು. ಮಾಲೀಕರ ಆಯ್ಕೆಯನ್ನು ನಾನು ಇಂದಿಗೂ ತಪ್ಪೆನ್ನಲಾರೆ.

ಬೆವರಿದ್ದು ಏಕೆ?

ನಮ್ಮ ಊರು ಮಂಡ್ಯದ ಕಡೆಯದು. ಆಲೆಮನೆಯ ಹತ್ತಿರ ಬೆಳೆದವರಿಗೆ ಈ ಜಿಗುಟು ಹೊಸದಲ್ಲ. ಬೇಸಿಗೆಯಲ್ಲಿ ಕಲ್ಲಿನಂತಿರುವ ಬೆಲ್ಲದಚ್ಚು ಮಳೆಗಾಲ ಬಂದೊಡನೆ ಬೆವರುತ್ತದೆ. ಬೆಲ್ಲದಲ್ಲಿ ಎರಡು ಪಾಲಿದೆ. ಸುಕ್ರೋಸ್ ಹರಳಾಗಿ ಗಟ್ಟಿಯಾಗಿ ಕೂತಿರುತ್ತದೆ. ಹರಳಾಗದ ಗ್ಲೂಕೋಸ್, ಫ್ರಕ್ಟೋಸ್ ಆ ಹರಳುಗಳ ಸಂದಿಯಲ್ಲಿ ಪಾಕವಾಗಿ ಉಳಿದಿರುತ್ತವೆ. ಗಾಳಿಯ ತೇವ ಎಳೆದುಕೊಳ್ಳುವುದು ಈ ಸಂದಿಯ ಪಾಕ. ಹರಳು ತನ್ನ ಪಾಡಿಗೆ ತಾನಿರುತ್ತದೆ.

ಪಿವಿಡಿಎಫ್ ಕೂಡ ಹೀಗೆಯೇ ಎರಡು ಪಾಲಿನ ವಸ್ತು, ಅರೆಸ್ಫಟಿಕೀಯ ಪಾಲಿಮರ್. ಅದರ ಸರಪಳಿಗಳು ಅಲ್ಲಲ್ಲಿ ಮಡಚಿಕೊಂಡು ಸುಮಾರು ಹತ್ತು ನ್ಯಾನೊಮೀಟರ್ ದಪ್ಪದ ತೆಳು ಹಲಗೆಗಳಂಥ ಸ್ಫಟಿಕಗಳಾಗುತ್ತವೆ. ಹಲಗೆ ಹಲಗೆಯ ನಡುವೆ ಸಿಕ್ಕುಸಿಕ್ಕಾಗಿ ಉಳಿದದ್ದು ಅಸ್ಫಟಿಕ ಪಾಲು. ಒಂದೇ ಸರಪಳಿ ಒಂದು ಹಲಗೆಯಿಂದ ಹೊರಟು, ಸಿಕ್ಕಿನೊಳಗೆ ಅಲೆದು, ಇನ್ನೊಂದು ಹಲಗೆಯೊಳಗೆ ಹೋಗಬಹುದು. ನಮ್ಮ ಹಾಳೆಯಲ್ಲಿ ಸ್ಫಟಿಕ ಎಷ್ಟು ಎಂದು ತಿಳಿಯಲು ಕರಗಲು ಹಿಡಿಯುವ ಶಾಖವನ್ನು ಅಳೆಯುವ ಡಿಎಸ್‌ಸಿ ಯಂತ್ರದಲ್ಲಿ ಕರಗಿಸಿದೆವು. ಪೂರ್ತಿ ಸ್ಫಟಿಕವಾದ ಪಿವಿಡಿಎಫ್ ಕರಗಲು ಗ್ರಾಂಗೆ ಸುಮಾರು 105 ಜೂಲ್ ಬೇಕೆಂದು ಲೆಕ್ಕ. ನಮ್ಮದು ಅದರ ಅರ್ಧದ ಆಸುಪಾಸು ತೆಗೆದುಕೊಂಡಿತು. ಅಂದರೆ ಸರಿಸುಮಾರು ಅರ್ಧ ಹರಳು, ಅರ್ಧ ಸಂದಿ.

ಬೆರೆಸಿದ ಅಯಾನಿಕ್ ದ್ರವ ಹರಳಿನೊಳಗೆ ಹೋಗಲಾರದು, ಅಲ್ಲಿ ಅದಕ್ಕೆ ಜಾಗವೇ ಇಲ್ಲ. ಅಷ್ಟೂ ಸಂದಿಯಲ್ಲೇ ಇರುತ್ತದೆ. ಪಿವಿಡಿಎಫ್‌ನ ಗಾಜಿನ ಸ್ಥಿತ್ಯಂತರ, ಅಂದರೆ ಸಂದಿಯ ಪಾಲು ಗಾಜಿನಂತೆ ಬಿರುಸಾಗುವ ಉಷ್ಣತೆ, ಸೊನ್ನೆಗಿಂತ ಸುಮಾರು 35 ರಿಂದ 40 ಡಿಗ್ರಿ ಕೆಳಗಿದೆ, ಆದ್ದರಿಂದ ಮೈಸೂರಿನ ಯಾವ ಹವೆಯಲ್ಲೂ ಈ ಸಂದಿ ಮೆದುವಾಗಿ, ಚಲನೆಯಲ್ಲೇ ಇರುತ್ತದೆ. ಬೆರೆಸಿದ ಲವಣದ ಧನ ಅಯಾನಾದ ಇಮಿಡಜೋಲಿಯಂಗೂ ಸರಪಳಿಯ ಫ್ಲೋರಿನ್‌ಗಳಿಗೂ ಒಂದು ಸೆಳೆತವಿದೆ, ಹಾಗಾಗಿಯೇ ಅವು ಅಷ್ಟು ಚೆನ್ನಾಗಿ ಬೆರೆಯುತ್ತವೆ. ಆದರೆ ಅದು ಸೆಳೆತ ಮಾತ್ರ, ಬಂಧವಲ್ಲ. ಕ್ಲೋರೈಡ್ ಲವಣಕ್ಕೆ ನೀರಿನ ಮೇಲೆ ಅದಕ್ಕಿಂತ ಹೆಚ್ಚು ಆಸೆ. ಆಷಾಢದ ತೇವ ಮೇಲ್ಮೈಗೆ ಬಂದು ಕರೆದಾಗ ಲವಣ ಸಂದಿಯಿಂದ ಮೇಲೆದ್ದು ಬಂತು. ತಾಮ್ರ ಹಸಿರಾದದ್ದು ಅದರ ಕ್ಲೋರೈಡಿನಿಂದ.

ಕಟ್ಟಿಹಾಕುವ ಯೋಚನೆ

ಬೇರೆ ಲವಣ ಹಾಕುವುದು ಒಂದು ದಾರಿಯಾಗಿತ್ತು. ನೀರನ್ನು ಒಲ್ಲದ ಅಯಾನಿಕ್ ದ್ರವಗಳೂ ಇವೆ, ಬೆಲೆ ಹೆಚ್ಚು. ಅವೂ ಬೆಚ್ಚಗಿನ ದ್ರಾವಕ ತಾಗಿದರೆ ತೊಳೆದುಹೋಗುತ್ತವೆ. ನನ್ನ ಮನಸ್ಸು ಹೋದದ್ದು ಕಸಿಯ ಕಡೆ, ಅಂದರೆ ಲವಣವನ್ನು ಪ್ಲಾಸ್ಟಿಕ್ಕಿನ ಸರಪಳಿಗೇ ಬಂಧದಿಂದ ಕಟ್ಟುವ ಕಡೆ. ಚೀನಾದ ಹಾಂಗ್‌ಝೌ ನಾರ್ಮಲ್ ವಿಶ್ವವಿದ್ಯಾಲಯದ ಸಂಶೋಧಕರು ಕಳೆದ ದಶಕದಲ್ಲಿ ಪಿವಿಡಿಎಫ್‌ಗೆ ಅಯಾನಿಕ್ ದ್ರವವನ್ನು ವಿಕಿರಣದಿಂದ ಕಸಿಮಾಡಿ, ಆಮೇಲೆ ಕರಗಿಸಿದಾಗ ಒಳಗೆ ನ್ಯಾನೊ ಗಾತ್ರದ ರಚನೆಗಳು ಮೂಡುವುದನ್ನು ತೋರಿಸಿದ್ದರು. ಆ ಕೆಲಸವನ್ನು ತರಗತಿಯಲ್ಲಿ ಹೇಳಿದ್ದೆ, ಕೈಯಾರೆ ಮಾಡಿರಲಿಲ್ಲ. ಆ ವರ್ಷ ನನ್ನ ಬಳಿ ಎಂ.ಟೆಕ್ ಯೋಜನೆಗೆ ಇಬ್ಬರು ವಿದ್ಯಾರ್ಥಿನಿಯರಿದ್ದರು. ಟ್ರೇ ಅವರ ಕೈಗೆ ಹೋಯಿತು.

ಮಾವಿನ ಕಸಿ ಕಟ್ಟುವವರಿಗೆ ಗೊತ್ತು, ಕಸಿಕಡ್ಡಿಗೂ ಬೇರುಸಸಿಗೂ ಹಸಿ ಗಾಯ ಎದುರಾಬದುರಾಗಿ ಸಿಗಬೇಕು. ಇಲ್ಲಿ ಗಾಯ ಮಾಡುವುದು ವಿಕಿರಣ. ಗಾಮಾ ಕಿರಣವೋ ಎಲೆಕ್ಟ್ರಾನ್ ಕಿರಣವೋ ಹಾಳೆಯೊಳಗೆ ಹಾಯ್ದಾಗ ಸರಪಳಿಯಿಂದ ಹೈಡ್ರೋಜನ್ ಅಥವಾ ಫ್ಲೋರಿನ್ ಕಳಚಿ, ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ತಾಣ ಉಳಿಯುತ್ತದೆ. ಅದನ್ನು ರ‍್ಯಾಡಿಕಲ್ ಎನ್ನುತ್ತೇವೆ. ಕಸಿಕಡ್ಡಿಯ ಕಡೆ ಬೇಕಾದ್ದು ಒಂದು ಇಂಗಾಲದ ಜೋಡಿಬಂಧ. ಮಾಲೀಕರು ಬಳಸಿದ್ದ ಲವಣದಲ್ಲಿ, ಅಂದರೆ ಬ್ಯೂಟೈಲ್ ಮೀಥೈಲ್ ಇಮಿಡಜೋಲಿಯಂ ಕ್ಲೋರೈಡಿನಲ್ಲಿ, ಅದು ಇರಲಿಲ್ಲ. ಮೀಥೈಲ್ ಇರುವ ಜಾಗದಲ್ಲಿ ವಿನೈಲ್ ಗುಂಪಿರುವ ಅದರ ಸೋದರ ಲವಣ, ವಿನೈಲ್ ಬ್ಯೂಟೈಲ್ ಇಮಿಡಜೋಲಿಯಂ ಕ್ಲೋರೈಡಿನಲ್ಲಿ ಇದೆ. ಉಳಿದಂತೆ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇದು ನಮ್ಮ ಭಾಗ್ಯ. ಒಂದಕ್ಕೆ ಹಿಡಿದುಕೊಳ್ಳಲು ಕೈಯಿದೆ, ಇನ್ನೊಂದಕ್ಕಿಲ್ಲ. ಎರಡನ್ನೂ ಒಂದೇ ರೀತಿ ಬೆರೆಸಿ, ಒಂದೇ ವಿಕಿರಣ ಕೊಟ್ಟು, ಒಂದೇ ರೀತಿ ತೊಳೆದರೆ, ಉಳಿದದ್ದು ಕಸಿಯಿಂದಲೋ ಬೇರೆ ಕಾರಣದಿಂದಲೋ ಎಂದು ಹೋಲಿಸಿ ಹೇಳಬಹುದು.

ಎಷ್ಟು ಬೆರೆಸಬೇಕೆನ್ನುವಲ್ಲಿ ಹತ್ತು ಭಾಗವನ್ನೇ ಉಳಿಸಿಕೊಂಡೆವು. ಪಿವಿಡಿಎಫ್‌ನ ಒಂದು ಘಟಕದ ಅಣುತೂಕ 64, ವಿನೈಲ್ ಲವಣದ್ದು ಸುಮಾರು 187. ಲೆಕ್ಕ ಹಾಕಿದರೆ 29 ಘಟಕಗಳಿಗೆ ಒಂದು ಲವಣದ ಅಣು. ಆದರೆ ಲವಣವೆಲ್ಲ ಸಂದಿಯಲ್ಲಿದೆ, ಸಂದಿ ಅರ್ಧವೇ ಇದೆ, ಹಾಗಾಗಿ ಅಲ್ಲಿ ನಿಜಕ್ಕೂ ಸುಮಾರು 15 ಘಟಕಕ್ಕೆ ಒಂದು. ವಿದ್ಯಾರ್ಥಿನಿಯರು ಈ ಸಂಖ್ಯೆಯನ್ನು ಗೋಡೆಯ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟುಕೊಂಡರು. ಇಡೀ ಕೆಲಸದಲ್ಲಿ ನಮಗೆ ದಾರಿ ತೋರಿದ್ದು ಅದೇ.

190 ಡಿಗ್ರಿಯಲ್ಲಿ ಆದಷ್ಟು ಬೇಗ ಬೆರೆಸಿ, ಒತ್ತಿ, ಹಾಳೆ ಮಾಡಿದೆವು. ಹೆಚ್ಚು ಹೊತ್ತು ಬಿಟ್ಟರೆ ಹಾಳೆ ಹಳದಿಯಾಗುತ್ತದೆ. ಪಿವಿಡಿಎಫ್‌ನಿಂದ ಹೈಡ್ರೋಜನ್ ಫ್ಲೋರೈಡ್ ಕಳಚತೊಡಗಿದ ಗುರುತು ಅದು.

ವಿಕಿರಣ

ಅಮೆರಿಕಕ್ಕೆ ಹೋಗುವ ನಮ್ಮ ಮಾವಿನಹಣ್ಣಿಗೆ ಹುಳದ ಕಾಟ ತಪ್ಪಿಸಲು ಕೊಡುವ ಗಾಮಾ ವಿಕಿರಣ ಕನಿಷ್ಠ 400 ಗ್ರೇ. ಆಸ್ಪತ್ರೆಯ ಸಿರಿಂಜು, ಕೈಗವಸುಗಳನ್ನು ನಿರ್ಜೀವೀಕರಿಸಲು ವಾಡಿಕೆಯಾಗಿ ಬಳಸುವುದು 25 ಕಿಲೋಗ್ರೇ. ನಮಗೆ ಬೇಕಿದ್ದದ್ದು ಅದರ ಎರಡರಷ್ಟು, 50 ಕಿಲೋಗ್ರೇ. ಹೊಸ ಯಂತ್ರವೇನೂ ಬೇಕಿಲ್ಲ, ವೈದ್ಯಕೀಯ ಸಾಮಾನು ಸಂಸ್ಕರಿಸುವ ಕೋಬಾಲ್ಟ್-60 ಘಟಕದಲ್ಲೇ ಆಗುತ್ತದೆ ಎಂಬುದು ಮಾಲೀಕರಿಗೆ ಧೈರ್ಯ ಕೊಟ್ಟಿತು. ಕೋಬಾಲ್ಟ್-60ರ ಗಾಮಾ ಕಿರಣ ವಸ್ತುವನ್ನು ವಿಕಿರಣಶೀಲ ಮಾಡುವುದಿಲ್ಲ. ಇದನ್ನು ಘಟಕದ ಕೆಲಸಗಾರರಿಗೆ ನಾನೇ ಹೋಗಿ ಕೂತು ಹೇಳಿದೆ. ಟ್ರೇ ಮುಟ್ಟುವವರು ಅವರು, ಅವರಿಗೆ ಅದು ತಿಳಿಯಲೇಬೇಕಿತ್ತು.

ಗ್ರೇ ಎಂದರೆ ಕಿಲೋಗೆ ಒಂದು ಜೂಲ್. ಹಾಗಾಗಿ 50 ಕಿಲೋಗ್ರೇ ಎಂದರೆ ಗ್ರಾಂಗೆ 50 ಜೂಲ್. ಒಂದು ಗ್ರಾಂ ಪಿವಿಡಿಎಫ್ ಒಂದು ಡಿಗ್ರಿ ಕಾಯಲು ಹತ್ತಿರ ಹತ್ತಿರ 1.2 ಜೂಲ್ ಬೇಕು. ಎಲೆಕ್ಟ್ರಾನ್ ಕಿರಣದಲ್ಲಿ ಅಷ್ಟನ್ನೂ ಒಂದೇ ಏಟಿಗೆ ಕೊಟ್ಟರೆ ಹಾಳೆ ನಿಂತಲ್ಲೇ 40 ಡಿಗ್ರಿ ಬಿಸಿಯಾಗುತ್ತದೆ, ಅದಕ್ಕೇ ಅಲ್ಲಿ ಹಲವು ಸುತ್ತಿನಲ್ಲಿ ಕೊಡುತ್ತಾರೆ. ಗಾಮಾದಲ್ಲಿ ಗಂಟೆಗಟ್ಟಲೆ ಹಂಚಿಹೋಗುವುದರಿಂದ ಆ ಚಿಂತೆಯಿಲ್ಲ. ಹಾಳೆ ತಣ್ಣಗಿರಬೇಕೆಂದು ನಾವು ಅಷ್ಟು ಹಟ ಹಿಡಿದದ್ದಕ್ಕೆ ಕಾರಣವಿದೆ. ಹರಳು ಹರಳಾಗಿಯೇ ಇದ್ದರೆ ಮಾತ್ರ ಕಸಿ ಸಂದಿಯಲ್ಲಷ್ಟೇ ಕೂರುತ್ತದೆ. ಕರಗಿದ ಸ್ಥಿತಿಯಲ್ಲಿ ವಿಕಿರಣ ಕೊಟ್ಟರೆ ಸರಪಳಿಯ ಉದ್ದಕ್ಕೂ ಎಲ್ಲೆಂದರಲ್ಲಿ ಕಸಿ ಹತ್ತಿ, ಆಮೇಲೆ ಆ ಸರಪಳಿ ಹರಳಾಗಲು ಒದ್ದಾಡುತ್ತದೆ. ಘನ ಸ್ಥಿತಿಯಲ್ಲಿ ಮಾಡಿದರೆ ಕಸಿಯಾದ ತುಂಡುಗಳು ಒಂದೆಡೆ, ಏನೂ ತಾಗದ ಉದ್ದನೆಯ ತುಂಡುಗಳು ಇನ್ನೊಂದೆಡೆ. ಹರಳೇ ಇಲ್ಲಿ ಅಚ್ಚಿನ ಕೆಲಸ ಮಾಡುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಮೊದಲ ಕಂತು ಕೆಟ್ಟಿತು. ಸಾಮಾನ್ಯ ಜಿಪ್ ಚೀಲದಲ್ಲಿ ಕಳಿಸಿದ್ದೆವು, ಒಳಗೆ ಗಾಳಿಯಿತ್ತು. ಆಮ್ಲಜನಕ ರ‍್ಯಾಡಿಕಲ್‌ಗಳನ್ನು ನಮಗಿಂತ ಮೊದಲು ಹಿಡಿದು ಪೆರಾಕ್ಸೈಡ್ ಮಾಡಿಬಿಡುತ್ತದೆ. ಎರಡನೇ ಸಲ ಅಲ್ಯೂಮಿನಿಯಂ ಪದರದ ಚೀಲ, ಒಳಗೆ ನೈಟ್ರೋಜನ್, ಬಿಸಿ ಅಂಚುಮುದ್ರೆ. ವಾಪಸು ಬಂದ ಚೀಲಗಳನ್ನು ಹೊಗೆಗೂಡಿನಲ್ಲೇ ಬಿಚ್ಚಿದೆವು, ಏಕೆಂದರೆ ವಿಕಿರಣ ತಾಗಿದ ಪಿವಿಡಿಎಫ್ ಸ್ವಲ್ಪ ಹೈಡ್ರೋಜನ್ ಫ್ಲೋರೈಡ್ ಬಿಡುತ್ತದೆ.

ಕಸಿ ಹಿಡಿಯಿತೇ?

ಅತಿಗೆಂಪು ಬೆಳಕಿನಿಂದ ಅಣುವಿನ ಬಂಧಗಳನ್ನು ಗುರುತಿಸುವ ಎಫ್‌ಟಿಐಆರ್‌ನಲ್ಲಿ ನೋಡಿದಾಗ ವಿನೈಲ್ ಗುಂಪಿನ ಗುರುತು, ಪ್ರತಿ ಸೆಂಟಿಮೀಟರಿಗೆ 1650ರ ಬಳಿಯ ಪಟ್ಟಿ, ಹೋಗಿಬಿಟ್ಟಿತ್ತು. ಇಮಿಡಜೋಲಿಯಂ ಉಂಗುರದ ಪಟ್ಟಿಗಳು ಇದ್ದವು. ವಿದ್ಯಾರ್ಥಿನಿಯರಿಗೆ ಖುಷಿಯೋ ಖುಷಿ. ಒಬ್ಬಳಂತೂ "ಹಿಡೀತು ಮೇಡಂ" ಎಂದು ಓಡಿಬಂದಳು. ನನಗೂ ಹಾಗೆಯೇ ಅನಿಸಿತು, ಆದರೂ ತಡೆದೆ. ಜೋಡಿಬಂಧ ಹೋಯಿತೆಂದರೆ ಅದು ಏನನ್ನೋ ಹಿಡಿದುಕೊಂಡಿತು ಎಂದಷ್ಟೇ ಅರ್ಥ. ಪಿವಿಡಿಎಫ್ ಸರಪಳಿಯನ್ನೇ ಹಿಡಿಯಿತೋ, ಅಥವಾ ವಿನೈಲ್ ಲವಣದ ಅಣುಗಳು ತಂತಮ್ಮಲ್ಲೇ ಕೈಕೈ ಹಿಡಿದು ಬೇರೆಯದೇ ಸರಪಳಿ ಕಟ್ಟಿಕೊಂಡವೋ, ಆ ಪಟ್ಟಿ ಹೇಳುವುದಿಲ್ಲ. ಎರಡನೆಯದಾಗಿದ್ದರೆ ಅದು ಕಸಿಯಲ್ಲ, ಬೇರುಸಸಿಯ ಪಕ್ಕದಲ್ಲಿ ಹುಗಿದ ಕಡ್ಡಿ.

ತೊಳೆಯದೆ ಗತಿಯಿರಲಿಲ್ಲ. ಮೆಥನಾಲ್‌ನಲ್ಲಿ ಲವಣ ಕರಗುತ್ತದೆ, ಲವಣದ ಸರಪಳಿಯೂ ಕರಗುತ್ತದೆ, ಪಿವಿಡಿಎಫ್ ಕರಗುವುದಿಲ್ಲ. ಸಾಕ್ಸ್‌ಲೆಟ್ ಉಪಕರಣದಲ್ಲಿ ಎರಡು ಹಗಲು ಎರಡು ರಾತ್ರಿ ಬಿಸಿ ಮೆಥನಾಲ್ ಸುರಿಯುತ್ತಲೇ ಇತ್ತು. 2.2 ಗ್ರಾಂ ಹಾಳೆ ಇಟ್ಟರೆ ಅದರಲ್ಲಿ 0.2 ಗ್ರಾಂ ಲವಣ. ತೊಳೆದು ಒಣಗಿಸಿ ತೂಗಿದರೆ ಎಷ್ಟು ಹೋಯಿತೆಂದು ತಿಳಿಯುತ್ತದೆ. ತೂಕದ ಜೊತೆ ಇನ್ನೊಂದು ಹಳೆಯ ಪರೀಕ್ಷೆಯನ್ನೂ ಸೇರಿಸಿದೆವು, ಪಿಯುಸಿಯಲ್ಲಿ ಎಲ್ಲರೂ ಮಾಡಿದ್ದು: ತೊಳೆದ ದ್ರವಕ್ಕೆ ಎರಡು ಹನಿ ಸಿಲ್ವರ್ ನೈಟ್ರೇಟ್. ಕ್ಲೋರೈಡ್ ಇದ್ದರೆ ಹಾಲಿನಂತೆ ಬೆಳ್ಳಗಾಗುತ್ತದೆ. ವಿಕಿರಣದಿಂದ ಬಿಡುಗಡೆಯಾದ ಫ್ಲೋರೈಡ್ ಇದ್ದರೂ ಅದು ಅಡ್ಡ ಬರುವುದಿಲ್ಲ, ಸಿಲ್ವರ್ ಫ್ಲೋರೈಡ್ ನೀರಿನಲ್ಲಿ ಕರಗಿಯೇ ಇರುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರಗಳ ನಡುವೆ ಈ ಎರಡು ಹನಿಯೇ ನಮಗೆ ಅತ್ಯಂತ ನಂಬಿಕಸ್ತ ಸಾಕ್ಷಿಯಾಯಿತು.

ಕೈಯಿಲ್ಲದ ಲವಣದ ಹಾಳೆಯಲ್ಲಿ ಬೆರೆಸಿದ್ದು ಬಹುತೇಕ ಪೂರ್ತಿ ಹೊರಬಂತು. ವಿನೈಲ್ ಲವಣದ ಹಾಳೆಯಲ್ಲಿ ಸ್ವಲ್ಪ ಮಾತ್ರ ಹೋಗಿ, ಆಮೇಲಿನ ತೊಳೆನೀರು ತಿಳಿಯಾಯಿತು. ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಬಾಹ್ಯ ಪರೀಕ್ಷಕರೊಬ್ಬರು ಮಧ್ಯಂತರ ವರದಿ ಓದಿ ಒಂದು ಪ್ರಶ್ನೆ ಕೇಳಿದರು: ಲವಣದ ಸರಪಳಿ ಪಿವಿಡಿಎಫ್‌ನ ಸಿಕ್ಕಿನೊಳಗೆ ಸಿಕ್ಕಿಹಾಕಿಕೊಂಡಿದ್ದರೆ ಮೆಥನಾಲ್ ಅದನ್ನು ಹೊರಗೆಳೆಯಬಲ್ಲದೇ? ಸರಿಯಾದ ಪ್ರಶ್ನೆ. ಹಾಳೆ ಹಾಳೆಯಾಗಿ ಇರುವವರೆಗೂ ಇದಕ್ಕೆ ಉತ್ತರವಿಲ್ಲ. ಹಾಗಾಗಿ ಇಡೀ ಹಾಳೆಯನ್ನೇ, ಪಿವಿಡಿಎಫ್ ಕರಗಿಸಬಲ್ಲ ಡಿಎಂಎಫ್ ಎಂಬ ದ್ರಾವಕದಲ್ಲಿ ಕರಗಿಸಿ, ಆ ದ್ರಾವಣವನ್ನು ಮೆಥನಾಲ್‌ಗೆ ಹನಿಹನಿಯಾಗಿ ಸುರಿದೆವು. ಪಿವಿಡಿಎಫ್ ಮತ್ತು ಅದಕ್ಕೆ ನಿಜವಾಗಿ ಕಟ್ಟಿಕೊಂಡದ್ದು ಹತ್ತಿಯಂತೆ ಬೇರ್ಪಟ್ಟು ಕೆಳಗಿಳಿಯುತ್ತದೆ, ಸಿಕ್ಕಿಹಾಕಿಕೊಂಡಿದ್ದ ಲವಣದ ಸರಪಳಿ ಮೆಥನಾಲ್‌ನಲ್ಲೇ ಉಳಿಯುತ್ತದೆ. ಸಿಲ್ವರ್ ನೈಟ್ರೇಟ್ ಹಾಕಿದರೆ ಮತ್ತೆ ಬೆಳ್ಳಗಾಯಿತು. ಸಾಕ್ಸ್‌ಲೆಟ್ ನಂಬಿ ನಾವು ಕಸಿಯೆಂದು ಬರೆದಿದ್ದರಲ್ಲಿ ಒಂದು ಪಾಲು ಕಸಿಯಾಗಿರಲಿಲ್ಲ. ವರದಿಯ ಸಂಖ್ಯೆಯನ್ನು ಇಳಿಸಿ ಬರೆದೆವು. ಬಿಸಿ ಡಿಎಂಎಫ್‌ನಲ್ಲೂ ಕರಗದೆ ಉಬ್ಬಿ ನಿಂತ ಒಂದು ಅಂಟಿನಂಥ ಭಾಗವೂ ಇತ್ತು, ಅಡ್ಡಬಂಧಗಳಿಂದ ಬಲೆಯಾದ ಪಿವಿಡಿಎಫ್. ವಿಕಿರಣದಲ್ಲಿ ಈ ಪ್ಲಾಸ್ಟಿಕ್ ತುಂಡಾಗುವುದಕ್ಕಿಂತ ಹೆಚ್ಚಾಗಿ ಹೆಣೆದುಕೊಳ್ಳುತ್ತದೆ, ಆದ್ದರಿಂದ ಅದು ನಿರೀಕ್ಷಿತವೇ. ಆ ಭಾಗದೊಳಗಿನ ಲವಣವನ್ನು ನಾವು ಯಾವ ಲೆಕ್ಕಕ್ಕೂ ಸೇರಿಸಲಿಲ್ಲ.

ಇಷ್ಟಾದರೂ ಹೆಚ್ಚಿನ ಪಾಲು ನಿಜವಾಗಿ ಹಿಡಿದಿತ್ತು. ಹಾಳೆ ಬೆವರುವುದು ನಿಂತಿತ್ತು. ಡಿಎಸ್‌ಸಿಯಲ್ಲಿ ಮೊದಲ ಸಲ ಕಾಯಿಸಿದಾಗ ಕರಗುವ ಶಿಖರ ವಿಕಿರಣಕ್ಕೆ ಮುಂಚೆ ಎಲ್ಲಿತ್ತೋ ಅಲ್ಲೇ ಇತ್ತು, ಅಂದರೆ ಹರಳುಗಳಿಗೆ ಪೆಟ್ಟಾಗಿರಲಿಲ್ಲ. ಮೇಲ್ಮೈಯ ವಿದ್ಯುತ್ ರೋಧ ಕಸಿಯಿಲ್ಲದ ಬೆರಕೆ ಹಾಳೆಗಿಂತ ಸುಮಾರು ಹತ್ತು ಪಟ್ಟು ಏರಿತ್ತು. ಲವಣದ ಧನ ಅಯಾನು ಈಗ ಸರಪಳಿಗೆ ಕಟ್ಟಿಹಾಕಿದೆ, ಓಡಾಡಬಲ್ಲದ್ದು ಕ್ಲೋರೈಡ್ ಮಾತ್ರ, ಆದ್ದರಿಂದ ಏರಲೇಬೇಕು. ಆದರೂ ಸ್ಥಾಯಿ ವಿದ್ಯುತ್ತನ್ನು ನಿಧಾನವಾಗಿ ಹರಿಸಿಬಿಡುವ ವಸ್ತುಗಳಿಗೆ ಹೇಳುವ ಹತ್ತರ ನಾಲ್ಕನೇ ಘಾತದಿಂದ ಹನ್ನೊಂದನೇ ಘಾತ ಓಮ್‌ನ ಮಿತಿಯೊಳಗೆ ಅದು ಚೆನ್ನಾಗಿಯೇ ಇತ್ತು. ಹೆಬ್ಬಾಳಕ್ಕೆ ಫೋನ್ ಮಾಡಿ ಒಂದು ಸುರುಳಿ ಕಳಿಸಿಕೊಟ್ಟೆವು.

ಕರಗಿಸಿದಾಗ ಆದದ್ದು

ಹದಿನೈದು ದಿನಕ್ಕೆ ಟ್ರೇ ಆಗಿ ವಾಪಸು ಬಂತು. ಬೆವರಿರಲಿಲ್ಲ. ಆದರೆ ಸ್ಥಾಯಿ ವಿದ್ಯುತ್ತು ಹರಿಯುತ್ತಿರಲಿಲ್ಲ. ರೋಧ ಹೆಚ್ಚುಕಡಿಮೆ ಶುದ್ಧ ಪಿವಿಡಿಎಫ್‌ನ ಹತ್ತಿರಕ್ಕೆ ಹೋಗಿತ್ತು.

ಅದೇ ಹಾಳೆ, ಅದೇ ಲವಣ, ಒಂದು ಮಿಲಿಗ್ರಾಂ ಹೊರಗೆ ಹೋಗಿಲ್ಲ. ನಡುವೆ ಆದದ್ದು ಒಂದೇ: ಟ್ರೇ ಆಕಾರ ಕೊಡಲು ಹಾಳೆಯನ್ನು ಕಾಯಿಸಿ, ನಿರ್ವಾತದಲ್ಲಿ ಅಚ್ಚಿಗೆ ಎಳೆದಿದ್ದರು. ಪಿವಿಡಿಎಫ್ ಕರಗುವುದು 170 ಡಿಗ್ರಿಯ ಸುತ್ತ, ಅಚ್ಚಿಗೆ ಎಳೆಯುವಾಗ ಅದನ್ನು ದಾಟಿತ್ತು. ಹಾಂಗ್‌ಝೌದವರು ಬರೆದ ನ್ಯಾನೊ ರಚನೆ ನಮ್ಮ ಟ್ರೇಯೊಳಗೆ ನಾವು ಕೇಳದೆಯೇ ಮೂಡಿತ್ತು.

ಹೇಗೆಂದು ಬಿಡಿಸಿ ಹೇಳಬೇಕು. ಸಣ್ಣ ಅಣುವಾಗಿದ್ದಾಗ ಲವಣ ಪಿವಿಡಿಎಫ್‌ನಲ್ಲಿ ಬೆರೆತಿತ್ತು. ಸೆಳೆತವೂ ಇತ್ತು, ಸಣ್ಣ ಅಣುಗಳಿಗೆ ಹರಡಿಕೊಳ್ಳುವ ಸಹಜ ಒಲವೂ ಇತ್ತು. ಕಸಿಯಾದ ಮೇಲೆ ಲವಣ ಸಾಲುಸಾಲಾಗಿ ಸರಪಳಿಗೆ ನೇತುಬಿದ್ದಿದೆ, ಒಂಟಿಯಾಗಿ ಹರಡಿಕೊಳ್ಳುವ ಸ್ವಾತಂತ್ರ್ಯ ಇಲ್ಲವಾಗಿದೆ. ಅಯಾನುಗಳಿಗೆ ಅಯಾನುಗಳ ನೆರೆಯೇ ಹಿತ. ಆದರೂ ಹಾಳೆ ಘನವಾಗಿರುವಷ್ಟು ಹೊತ್ತು ಅವು ಅಲುಗಲಾರವು, ಎರಡೂ ಬದಿಯ ಹರಳುಗಳು ಸರಪಳಿಯ ತುದಿಗಳನ್ನು ಕಚ್ಚಿ ಹಿಡಿದಿವೆ. ಹಾಳೆ ಕರಗಿತೆಂದರೆ ಹಿಡಿತ ಬಿಟ್ಟಿತು. ಲವಣ ಹೊತ್ತ ತುಂಡುಗಳೆಲ್ಲ ಒಂದೆಡೆ ಸೇರತೊಡಗುತ್ತವೆ. ಎಣ್ಣೆ ನೀರಿನಂತೆ ಪೂರ್ತಿ ಬೇರೆಯಾಗಲು ಮಾತ್ರ ಆಗುವುದಿಲ್ಲ, ಬೆನ್ನಿಗೆ ಪಿವಿಡಿಎಫ್ ಸರಪಳಿ ಕಟ್ಟಿದೆಯಲ್ಲ. ಹಾಗಾಗಿ ಹತ್ತಾರು ನ್ಯಾನೊಮೀಟರ್ ಅಗಲದ ಸಣ್ಣ ಸಣ್ಣ ಗುಂಪುಗಳಾಗಿ ನಿಲ್ಲುತ್ತವೆ. ಸುತ್ತ ಬರೀ ಪಿವಿಡಿಎಫ್.

ನಮ್ಮ ಊರ ಕಡೆಯ ಭಾಷೆಯಲ್ಲಿ ಹೇಳಿದರೆ, ಘನ ಹಾಳೆಯಲ್ಲಿ ಲವಣ ಸಂದಿಗೊಂದಿಯಲ್ಲೆಲ್ಲ ಹರಿದು ನಾಲೆಯಂತಿತ್ತು. ಕ್ಲೋರೈಡ್ ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಹೋಗುತ್ತಿತ್ತು. ಕರಗಿ ತಣಿದ ಮೇಲೆ ನಾಲೆ ಕಡಿದು ಬಾವಿಗಳಾದವು. ನೀರು ಅಷ್ಟೇ ಇದೆ, ಬಾವಿಯೊಳಗೆ ಆಡುತ್ತಲೂ ಇದೆ, ದಡ ದಾಟಲಾರದು.

ಇದು ಬರೀ ಊಹೆಯಲ್ಲ ಎಂದು ತೋರಿಸಲು ಎರಡು ಕೆಲಸ ಮಾಡಿದೆವು. ಬೆಂಗಳೂರಿನಲ್ಲಿ, ನ್ಯಾನೊ ಗಾತ್ರದ ರಚನೆಗಳ ಅಂತರ ತಿಳಿಸುವ ಸಣ್ಣ ಕೋನದ ಕ್ಷ-ಕಿರಣ ಚದುರಿಕೆಯ ಯಂತ್ರದ ಮೇಲೆ ಅರ್ಧ ದಿನ ಸಿಕ್ಕಿತು. ಇಬ್ಬರೂ ಬೆಳಗಿನ ರೈಲಿಗೆ ಹೋಗಿ, ಕರಗಿಸುವ ಮೊದಲಿನ ಮತ್ತು ಆಮೇಲಿನ ಹಾಳೆಗಳನ್ನು ಅಳೆದು ರಾತ್ರಿ ಮದ್ದೂರು ದಾಟುವಾಗ ನನಗೆ ಚಿತ್ರ ಕಳಿಸಿದರು. ಕರಗಿಸಿದ ಹಾಳೆಯಲ್ಲಿ ಮಾತ್ರ ತೀರಾ ಸಣ್ಣ ಕೋನದ ಕಡೆಗೆ ಒಂದು ಹೊಸ ಉಬ್ಬು, ಪ್ರತಿ ನ್ಯಾನೊಮೀಟರಿಗೆ 0.2ರ ಬಳಿ. ಎರಡು ಪೈಯನ್ನು ಅದರಿಂದ ಭಾಗಿಸಿದರೆ ಸುಮಾರು 30 ನ್ಯಾನೊಮೀಟರ್, ಬಾವಿಯಿಂದ ಬಾವಿಗೆ ಇರುವ ದೂರದ ಅಂದಾಜು. ಇನ್ನೊಂದು ಸಾಕ್ಷಿ ಎಫ್‌ಟಿಐಆರ್‌ನಲ್ಲೇ ಸಿಕ್ಕಿತು. ಪಿವಿಡಿಎಫ್ ಹಲವು ರೂಪದಲ್ಲಿ ಹರಳಾಗುತ್ತದೆ. ತಾನಾಗಿ ಕರಗಿ ತಣಿದರೆ ಆಲ್ಫಾ ರೂಪ, 763 ಮತ್ತು 976ರ ಪಟ್ಟಿಗಳು. ಪಕ್ಕದಲ್ಲಿ ಅಯಾನುಗಳು ಹರಡಿಕೊಂಡಿದ್ದರೆ ಅವು ಸರಪಳಿಯನ್ನು ನೇರ ಮಾಡಿ ಧ್ರುವೀಯ ರೂಪಗಳ ಕಡೆ ಎಳೆಯುತ್ತವೆ, 840ರ ಪಟ್ಟಿ ಏಳುತ್ತದೆ. ಬರೀ ಬೆರೆಸಿದ ಹಾಳೆಯಲ್ಲಿ ಎದ್ದಿದ್ದ 840, ಕಸಿಮಾಡಿ ಕರಗಿಸಿದ ಹಾಳೆಯಲ್ಲಿ ಕುಗ್ಗಿತು, 763 ಮತ್ತೆ ತಲೆಯೆತ್ತಿತು. ಅಯಾನುಗಳು ಹರಳಿನ ಪಕ್ಕದಿಂದ ಎದ್ದು ತಮ್ಮ ಗುಂಪಿಗೆ ಹೋಗಿವೆ ಎನ್ನುವುದಕ್ಕೆ ನನಗೆ ಇದಕ್ಕಿಂತ ನೇರವಾದ ಗುರುತು ಬೇಕಿರಲಿಲ್ಲ.

ಟ್ರೇಗೆ ಸಂಕಟವಾದ ಇದೇ ರಚನೆ ಬೇರೆ ಕಡೆ ವರವಾಗಬಲ್ಲದು. ಕೆಪಾಸಿಟರ್ ಹಾಳೆಗಳಲ್ಲಿ ಹೆಚ್ಚಾಗಿ ಬಳಸುವ ಪಾಲಿಪ್ರೊಪಿಲೀನ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಶಕ್ತಿಯ ಅಳತೆ, ಸುಮಾರು 2.2, ಪಿವಿಡಿಎಫ್‌ನದು 8ರಿಂದ 10. ಅಯಾನುಗಳನ್ನು ಬೆರೆಸಿ ಅದನ್ನು ಇನ್ನೂ ಏರಿಸಬಹುದು, ಆದರೆ ಅಯಾನುಗಳು ಹಾಳೆಯ ಈ ಬದಿಯಿಂದ ಆ ಬದಿಗೆ ಹರಿದು ವಿದ್ಯುತ್ತನ್ನು ಶಾಖವಾಗಿ ಕಳೆಯುತ್ತವೆ. ಬಾವಿಯೊಳಗೇ ಆಡುವ ಅಯಾನು ಧ್ರುವೀಕರಣಕ್ಕೆ ಕೊಡುಗೆ ಕೊಡುತ್ತದೆ, ಸೋರಿಕೆಗೆ ಕೊಡುವುದಿಲ್ಲ. ಕಡಿಮೆ ಆವರ್ತನದಲ್ಲಿ ಅಳೆದಾಗ ನಮ್ಮ ಕರಗಿಸಿದ ಹಾಳೆಯ ನಷ್ಟ ಬೆರಕೆ ಹಾಳೆಗಿಂತ ಬಹಳ ಕೆಳಗಿತ್ತು. ಒಬ್ಬ ವಿದ್ಯಾರ್ಥಿನಿ ತನ್ನ ಪ್ರಬಂಧವನ್ನು ಆ ದಿಕ್ಕಿಗೇ ತಿರುಗಿಸಿಕೊಂಡಳು. 1969ರಲ್ಲಿ ಜಪಾನಿನ ವಿಜ್ಞಾನಿ ಕವಾಯ್ ಈ ಪ್ಲಾಸ್ಟಿಕ್ಕಿನ ಪೀಜೋವಿದ್ಯುತ್ ಗುಣ, ಅಂದರೆ ಒತ್ತಿದರೆ ವಿದ್ಯುತ್ತು ಹುಟ್ಟಿಸುವ ಗುಣ, ಕಂಡಾಗಿನಿಂದ ಪಿವಿಡಿಎಫ್ ಒಳಗೆ ಅಗೆದವರಿಗೆಲ್ಲ ಏನಾದರೊಂದು ಸಿಕ್ಕಿದೆ. ಅವಳಿಗೂ ಸಿಗುತ್ತದೆಂದು ನನಗೆ ನಂಬಿಕೆಯಿದೆ.

ಟ್ರೇಯ ಗತಿ

ಮಾಲೀಕರಿಗೆ ಕೆಪಾಸಿಟರ್ ಬೇಕಿರಲಿಲ್ಲ. ಅವರಿಗೆ ಗಿರಾಕಿಯ ಹತ್ತಿರ ಮರ್ಯಾದೆ ಉಳಿಯಬೇಕಿತ್ತು.

ಕಾರಣ ತಿಳಿದ ಮೇಲೆ ಪರಿಹಾರ ಕೆಲಸದ ಕ್ರಮದಲ್ಲೇ ಇತ್ತು. ಬೆರೆಸಿ, ಹಾಳೆ ಮಾಡಿ, ಟ್ರೇ ಆಕಾರ ಕೊಟ್ಟು, ಎಲ್ಲಕ್ಕಿಂತ ಕೊನೆಗೆ ವಿಕಿರಣ. ಆಮೇಲೆ ಅದನ್ನು ಯಾರೂ ಕರಗಿಸುವಂತಿಲ್ಲ. ಹಾಗೆ ಮಾಡಿದರೆ ನಾಲೆ ನಾಲೆಯಾಗಿಯೇ ಉಳಿಯುತ್ತದೆ. ಹೇಳುವುದು ಸುಲಭ, ಖರ್ಚಿನ ಲೆಕ್ಕ ಬೇರೆಯೇ. ಸುರುಳಿಯಾಗಿದ್ದಾಗ ಒಂದು ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದದ್ದು ಟ್ರೇಗಳಾದ ಮೇಲೆ ಹಲವು ಪೆಟ್ಟಿಗೆ ತುಂಬುತ್ತದೆ, ವಿಕಿರಣ ಘಟಕದಲ್ಲಿ ಜಾಗಕ್ಕೇ ದುಡ್ಡು. ಟ್ರೇಗಳನ್ನು ಒಂದರೊಳಗೊಂದು ಕೂರುವಂತೆ ಅಚ್ಚಿನ ಬದಿಗಳನ್ನು ಸ್ವಲ್ಪ ಓರೆ ಮಾಡಿಸಿದರು. ಆ ಉಪಾಯ ಅವರದೇ, ನನಗೆ ಹೊಳೆದಿರಲಿಲ್ಲ. ಕಸಿಯಾಗದೆ ಉಳಿದ ಲವಣವನ್ನು ತೆಗೆಯಲು ಕೊನೆಗೊಂದು ತೊಳೆತವೂ ಬೇಕಾಯಿತು. ಮೆಥನಾಲ್ ಅವರ ಶೆಡ್ಡಿಗೆ ತಕ್ಕದ್ದಲ್ಲ, ಅದು ವಿಷ, ಬೆಂಕಿಯ ಭಯ ಬೇರೆ. ಬೆಚ್ಚಗಿನ ನೀರಿನಲ್ಲಿ ಮೂರು ಸಲ ನೆನೆಸಿ, ಪ್ರತಿ ಸಲದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿ ನೋಡುವುದನ್ನು ಅಲ್ಲಿನ ಇಬ್ಬರು ಹುಡುಗರಿಗೆ ಕಲಿಸಿದೆವು. ಬಿಳುಪು ಕಂಡರೆ ಇನ್ನೊಂದು ಸಲ.

ಮುಂದಿನ ಆಷಾಢಕ್ಕೆ ಆರು ಟ್ರೇಗಳನ್ನು ಪ್ರಯೋಗಾಲಯದ ತೆರೆದ ಕಿಟಕಿಯ ಪಕ್ಕ ಇಟ್ಟೆವು. ಪ್ರತಿಯೊಂದರ ಒಳಗೂ ಒಂದು ಸೋಸುಕಾಗದ, ಅದರ ಮೇಲೆ ಹೊಳಪು ತಿಕ್ಕಿದ ತಾಮ್ರದ ಪಟ್ಟಿ, ಮೇಲೆ ಅರ್ಧ ಕಿಲೋ ತೂಕದ ಬಟ್ಟು. ಪಕ್ಕದಲ್ಲಿ ಹೋಲಿಕೆಗೆ ಹಳೆಯ ಬೆರಕೆ ಟ್ರೇ. ಹಳೆಯದರಲ್ಲಿ ಹನ್ನೊಂದನೇ ದಿನಕ್ಕೆ ಪಟ್ಟಿಯ ಅಂಚು ಬಣ್ಣಗೆಟ್ಟಿತು. ಕಸಿ ಟ್ರೇಗಳಲ್ಲಿ ತಿಂಗಳು ಕಳೆದರೂ ತಾಮ್ರ ಕೆಂಪಗೇ ಇತ್ತು, ಸೋಸುಕಾಗದ ನೆನೆಸಿದ ನೀರು ಸಿಲ್ವರ್ ನೈಟ್ರೇಟಿಗೆ ತಿಳಿಯಾಗಿಯೇ ಉಳಿಯಿತು. ರೋಧ ಮಿತಿಯೊಳಗಿತ್ತು.

ಮೂಲೆಗಳನ್ನು ಬಿಟ್ಟು. ಅಚ್ಚಿಗೆ ಎಳೆಯುವಾಗ ಮೂಲೆಯಲ್ಲಿ ಹಾಳೆ ತೆಳುವಾಗಿ ಹಿಗ್ಗುತ್ತದೆ. ಅಲ್ಲಿನ ರೋಧ ತಳಕ್ಕಿಂತ ಹೆಚ್ಚು ಬರುತ್ತಿದೆ, ಒಂದು ಟ್ರೇಯಲ್ಲಿ ಮಿತಿಯನ್ನು ಮುಟ್ಟಿತು. ಮೂಲೆಯಿಂದ ಕತ್ತರಿಸಿದ ಚೂರಿನಲ್ಲಿ 840ರ ಪಟ್ಟಿ ತಳದ ಚೂರಿಗಿಂತ ಬಲವಾಗಿದೆ, ಹಿಗ್ಗಿದಾಗ ಸರಪಳಿಗಳು ನೇರವಾಗಿ ಬೇರೆ ರೂಪದ ಹರಳಾಗಿವೆ. ಸಂದಿಗಳೂ ಹಿಗ್ಗಿದ ದಿಕ್ಕಿಗೆ ಉದ್ದವಾಗಿ, ನಡುನಡುವೆ ತುಂಡಾಗಿವೆಯೇ ಎಂದು ಈಗ ಎರಡನೇ ವಿದ್ಯಾರ್ಥಿನಿ ಮೂಲೆಯ ಚೂರುಗಳನ್ನು ಎರಡು ದಿಕ್ಕಿನಲ್ಲೂ ಅಳೆಯುತ್ತಿದ್ದಾಳೆ. ಮಾಲೀಕರು ಈ ನಡುವೆ ಮೂಲೆಗಳನ್ನು ದುಂಡಗೆ ಮಾಡಿದ ಹೊಸ ಅಚ್ಚಿಗೆ ಹೇಳಿಟ್ಟಿದ್ದಾರೆ.